ಛಾಯಾಚಿತ್ರದ ರೂಪಾಂತರ: ಮಾತೃಕೆ ಮತ್ತು ಪ್ರತಿ

ಬೇಗಂಪೇಟೆಯಲ್ಲಿ ಇಂದು ರೊನಾಲ್ಡ್ ರಾಸ್ ಅವರ ಹೆಸರನ್ನೇ ಹೊತ್ತು ನಿಂತಿರುವ ಕಟ್ಟಡದಲ್ಲಿ, 1897ರ ಆಗಸ್ಟ್ 20ರಂದು, ಅವರು ಸೊಳ್ಳೆಯ ಜಠರದಲ್ಲಿ ಮಲೇರಿಯಾ ಜೀವಿಯನ್ನು ಗುರುತಿಸಿದರೆಂಬುದು ಸುವಿದಿತ. ಆ ನಿರ್ಣಯಕ್ಕೆ ಆಧಾರವಾದುವು ಕೋಶದೊಳಗಿನ ಕೆಲವು ಕಪ್ಪು ಕಣಗಳು. ಅಲ್ಪವೆಂದು ತೋರುವ ಚುಕ್ಕೆಯೇ ಕೆಲವೊಮ್ಮೆ ಸತ್ಯಕ್ಕೆ ಸಾಕ್ಷಿಯಾಗುತ್ತದೆ. ಶಾಸನಗಳ ಛಾಯಾಚಿತ್ರಗಳನ್ನು ಗಣಕದಲ್ಲಿ ಒಂದು ರೂಪದಿಂದ ಮತ್ತೊಂದಕ್ಕೆ ಪರಿವರ್ತಿಸುವವರು ಇದನ್ನು ಮರೆಯಬಾರದು.

ತೆಲಂಗಾಣದಲ್ಲಿ ನೆಲೆಸಿದ ಕನ್ನಡಿಗರಿಗೆ ಇದು ದೂರದ ವಿಷಯವಲ್ಲ. ಕರೀಂನಗರ ಸೀಮೆಯ ಕುರಿಕ್ಯಾಲದ ಬಳಿ, ಬೊಮ್ಮಲಗುಟ್ಟದ ಬಂಡೆಯ ಮೇಲೆ, ಆದಿಕವಿ ಪಂಪನ ತಮ್ಮ ಜಿನವಲ್ಲಭನು ಹತ್ತನೆಯ ಶತಮಾನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲಿಯೂ ಬರೆಸಿದ ಶಾಸನವಿದೆ. ಬಯಲಿನ ಬಂಡೆ ಮಳೆಬಿಸಿಲಿಗೆ ಸವೆಯತಕ್ಕದ್ದು. ಮುಂದಿನ ವಿದ್ವಾಂಸನಿಗೆ ಚಿತ್ರವೇ ಶರಣು. ಕಾಣುವುದು ಅನುಸ್ವಾರದ ಸೊನ್ನೆಯೋ ಕಲ್ಲಿನ ಚಕ್ಕೆಯೋ ಎಂಬುದರ ಮೇಲೆ ಪಾಠವೇ ನಿಂತಿರಬಹುದು.

ಚಿತ್ರವನ್ನು ಕಾಪಿಡುವ ರೂಪಗಳಲ್ಲಿ ಎರಡು ಬಗೆ. 1986ರಲ್ಲಿ ಹೊರಬಂದ ಟಿಫ್ ಸಾಮಾನ್ಯವಾಗಿಯೂ, 1996ರ ಪಿಎನ್‌ಜಿ ಸ್ವಭಾವತಃ ಎಂಬಂತೆಯೂ ಪ್ರತಿಯೊಂದು ಬಿಂದುವನ್ನು ಇದ್ದಂತೆಯೇ ಉಳಿಸುತ್ತವೆ. 4000 ಬಿಂದು ಅಗಲ, 3000 ಬಿಂದು ಎತ್ತರದ ಬಣ್ಣದ ಚಿತ್ರಕ್ಕೆ, ಬಿಂದುವೊಂದಕ್ಕೆ 3 ಬೈಟಿನಂತೆ, 3 ಕೋಟಿ 60 ಲಕ್ಷ ಬೈಟುಗಳು ಬೇಕು. 1992ರಲ್ಲಿ ಪ್ರಮಾಣೀಕೃತವಾದ ಜೆಪೆಗ್ ಇದನ್ನು ಹತ್ತರಲ್ಲೊಂದು ಪಾಲಿಗೆ ಇಳಿಸಬಲ್ಲದು. ಆದರೆ ಕೆಲವನ್ನು ಕಳೆದು ಇಳಿಸುತ್ತದೆ.

ಜೆಪೆಗ್‌ಗೆ ಮೂಲವಾದ ಗಣಿತವನ್ನು ಕಲ್ಪಿಸಿದವರು 1940ರಲ್ಲಿ ಬೆಂಗಳೂರಿನಲ್ಲಿ ಜನಿಸಿ, ಅಲ್ಲಿಯೇ ಎಂಜಿನಿಯರಿಂಗ್ ಓದಿ, ಅಮೆರಿಕೆಗೆ ತೆರಳಿದ ನಾಸಿರ್ ಅಹ್ಮದ್ ಎಂಬುದು ನಮಗೆ ಅಭಿಮಾನದ ಸಂಗತಿ. 1972ರಲ್ಲಿ ಈ ಸಂಶೋಧನೆಗೆ ಅವರು ಬೇಡಿದ ಧನಸಹಾಯ ದೊರೆಯಲಿಲ್ಲ. ಆದರೂ ಟಿ. ನಟರಾಜನ್, ಕೆ. ಆರ್. ರಾವ್ ಅವರೊಡನೆ 1974ರಲ್ಲಿ ತಮ್ಮ ಪ್ರಬಂಧವನ್ನು ಪ್ರಕಟಿಸಿದರು. ಈ ವಿಧಾನದಂತೆ ಜೆಪೆಗ್ ಚಿತ್ರವನ್ನು 8 ಬಿಂದುಗಳ ಅಗಲ, 8 ಬಿಂದುಗಳ ಎತ್ತರದ ಚೌಕಗಳಾಗಿ ಸೀಳಿ, ಪ್ರತಿಯೊಂದನ್ನೂ 64 ಅಲೆಗಳ ಮೊತ್ತವಾಗಿ ಬರೆಯುತ್ತದೆ. ಹಿರಿಯ ಅಲೆಗಳು ವಿಶಾಲವಾದ ನೆರಳುಬೆಳಕನ್ನು, ಕಿರಿಯವು ಸೂಕ್ಷ್ಮವಾದ ಅಂಚುಗಳನ್ನು ಹೇಳುತ್ತವೆ. ಹೆಚ್ಚಾಗಿ ಬಲಿಯಾಗುವವು ಕಿರಿಯವೇ. ಮುಖದ ಚಿತ್ರದಲ್ಲಿ ಈ ನಷ್ಟ ಕಣ್ಣಿಗೆ ತೋರದು. ಶಾಸನದಲ್ಲಾದರೋ ಅಂಚೇ ಅಕ್ಷರ; ಮಿತಿಮೀರಿ ಕುಗ್ಗಿಸಿದರೆ ಗೆರೆಯ ಸುತ್ತ ಕಲ್ಲಿನಲ್ಲಿಲ್ಲದ ಕಲೆಗಳು ಮೂಡುತ್ತವೆ.

ಓಲೆಗರಿಗಳ ಪ್ರತಿಯಿಂದ ಪ್ರತಿಗೆ ಸ್ಖಾಲಿತ್ಯಗಳು ಬೆಳೆದಂತೆ, ಜೆಪೆಗ್ ಚಿತ್ರವನ್ನು ತಿದ್ದಿ ಮತ್ತೆ ಮತ್ತೆ ಜೆಪೆಗ್ ಆಗಿಯೇ ಉಳಿಸಿದಾಗ ನಷ್ಟವೂ ಬೆಳೆಯುತ್ತದೆ. ಅದನ್ನು ಅನಂತರ ಟಿಫ್‌ಗೆ ಪರಿವರ್ತಿಸಿದರೆ ಮುಂದಿನ ನಷ್ಟ ತಪ್ಪೀತು, ಕಳೆದುಹೋದುದು ಮರಳದು. ಆದುದರಿಂದ ಕ್ಯಾಮೆರಾ ಕೊಟ್ಟ ಮೂಲ ಕಡತವನ್ನು ಮುಟ್ಟದೆ ಮಾತೃಕೆಯಾಗಿ ಇರಿಸಬೇಕು. ತಿದ್ದುವ ಪ್ರತಿಯನ್ನು ಅದರಿಂದ ನೇರವಾಗಿ ಟಿಫ್ ಅಥವಾ ಪಿಎನ್‌ಜಿಗೆ ತೆಗೆಯಬೇಕು. ಜೆಪೆಗ್ ಕಳುಹಿಸುವುದಕ್ಕೆ ಮಾತ್ರ ಇರಲಿ. ಗ್ರಂಥಸಂಪಾದಕರು ಮಾತೃಕೆಗೆ ತೋರಿದ ನಿಷ್ಠೆಯನ್ನು ನಾವು ಚಿತ್ರಕ್ಕೂ ತೋರಿದರೆ, ಮುಂದೆ ಬರುವವರು ಜಿನವಲ್ಲಭನ ಅಕ್ಷರವನ್ನೇ ಓದಿಯಾರು, ನಮ್ಮ ಯಂತ್ರದ ಕಲೆಯನ್ನಲ್ಲ.