ಎಲುಬು ಕೂಡಿದ ಮೇಲೆ ಅಜ್ಜಿಯ ಬದುಕು ಏನಾಗುತ್ತೆ? ರಾಯಚೂರು ಜಿಲ್ಲೆಗೊಂದು ಕೈಪಿಡಿ

ರಾಯಚೂರಿಗೆ ಏಮ್ಸ್ ಬೇಕು ಅಂತ 2022ರ ಮೇ ತಿಂಗಳಲ್ಲಿ ಶುರುವಾದ ಧರಣಿ ನೂರಾರು ದಿನ ದಾಟಿತು. ಯಾಕೆ ಬೇಕು ಅಂತ ಕೇಳಿದರೆ ಹೆಚ್ಚಿನವರು ಹೃದಯ, ಕ್ಯಾನ್ಸರ್ ಅಂತಾರೆ. ನಾನು ಸೊಂಟದ ಮಾತು ಎತ್ತುತ್ತೇನೆ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮುದುಕಿಯದು ಸುದ್ದಿಯಾಗಲ್ಲ. "ವಯಸ್ಸಾಗಿತ್ತು, ಬಿದ್ದಳು" ಅನ್ನುವಲ್ಲಿಗೆ ಮಾತು ಮುಗಿಯುತ್ತೆ.

ಎಲುಬು ಯಾಕೆ ಟೊಳ್ಳಾಗುತ್ತೆ?

ಎಲುಬು ಹಳೆಯದನ್ನು ಕರಗಿಸಿ ಹೊಸದನ್ನು ಕಟ್ಟಿಕೊಳ್ಳುತ್ತಲೇ ಇರುತ್ತೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಕುಸಿದು, ಕಟ್ಟುವುದಕ್ಕಿಂತ ಕರಗುವುದೇ ಹೆಚ್ಚಾಗುತ್ತೆ. ವಯಸ್ಸಾದ ಗಂಡಸರಿಗೂ ಇದು ತಪ್ಪಿದ್ದಲ್ಲ. ಇದೇ ಆಸ್ಟಿಯೋಪೊರೋಸಿಸ್. ಡೆಕ್ಸಾ ಸ್ಕ್ಯಾನಿನಲ್ಲಿ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಕಾಯಿಲೆ ಇದೆ ಅಂತ 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗೆರೆ ಹಾಕಿತು. ನಿಂತಲ್ಲೇ ಬಿದ್ದು ಎಲುಬು ಮುರಿದರೆ ಸ್ಕ್ಯಾನ್ ಇಲ್ಲದೆಯೂ ಇದನ್ನು ಅನುಮಾನಿಸಬೇಕು.

ನಮ್ಮ ಜಿಲ್ಲೆಯಲ್ಲಿ ನೀರಿನ ತೊಡಕೂ ಇದೆ. ಹಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5. ಫ್ಲೋರೈಡ್ ಹೆಚ್ಚು ಸೇರಿದ ಎಲುಬು ಸ್ಕ್ಯಾನಿನಲ್ಲಿ ದಟ್ಟವಾಗಿ ಕಂಡರೂ ಪೆಡಸಾಗಿರುತ್ತೆ. ನಾವು ಎಂಜಿನಿಯರಿಂಗಿನಲ್ಲಿ ಓದಿದ ಬೀಡು ಕಬ್ಬಿಣದ ಹಾಗೆ: ಗಟ್ಟಿ ಇದ್ದೂ ಹೊಡೆತಕ್ಕೆ ಒಡೆಯುತ್ತೆ.

ಮುರಿದ ಮೇಲೆ?

ಹೆಚ್ಚಾಗಿ ಮುರಿಯೋದು ಮಣಿಕಟ್ಟು, ಬೆನ್ನೆಲುಬು, ಸೊಂಟ. ಬೆನ್ನೆಲುಬಿನ ಮುರಿತಗಳಲ್ಲಿ ಸುಮಾರು ಮೂರನೇ ಎರಡು ಭಾಗ ವೈದ್ಯರ ಗಮನಕ್ಕೇ ಬರಲ್ಲ; "ಅಜ್ಜಿ ಬಾಗಿದಳು" ಅಂತ ಸುಮ್ಮನಾಗ್ತೀವಿ. ಸೊಂಟ ಮುರಿದವರಲ್ಲಿ ವರ್ಷದೊಳಗೆ ಸುಮಾರು ಶೇ. 20ರಿಂದ 30 ಮಂದಿ ಸಾಯುತ್ತಾರೆ ಅನ್ನುತ್ತವೆ ಹಲವು ದೇಶಗಳ ಅಧ್ಯಯನಗಳು. ಬದುಕುಳಿದವರಲ್ಲಿ ಅರ್ಧದಷ್ಟು ಮಂದಿಗೆ ಮೊದಲಿನ ಓಡಾಟ ಮರಳಲ್ಲ.

ಬದುಕಿನ ಗುಣಮಟ್ಟ ಅಳೆಯೋದು ಹೇಗೆ?

ಜಗತ್ತಿನಾದ್ಯಂತ ಬಳಸುವ ಇಕ್ಯೂ-5ಡಿ ಪ್ರಶ್ನಾವಳಿ ಐದು ಸಂಗತಿ ಕೇಳುತ್ತೆ: ಓಡಾಟ, ಸ್ವಂತ ಆರೈಕೆ, ದಿನದ ಕೆಲಸ, ನೋವು, ಆತಂಕ-ಖಿನ್ನತೆ. ದೇವದುರ್ಗದ ಹಳ್ಳಿಯಲ್ಲಿ ಇವನ್ನೇ ಹೀಗೆ ಕೇಳಬೇಕು: ಪಾಯಿಖಾನೆಯಲ್ಲಿ ಕುಕ್ಕರಗಾಲಲ್ಲಿ ಕೂತು ಏಳೋಕೆ ಆಗುತ್ತಾ? ಒಲೆ ಮುಂದೆ ಕೂತು ರೊಟ್ಟಿ ಬಡಿಯೋಕೆ? ಮತ್ತೆ ಬೀಳ್ತೀನಿ ಅನ್ನೋ ಭಯದಲ್ಲಿ ಹೊಸ್ತಿಲು ದಾಟೋದನ್ನೇ ಬಿಟ್ಟಿದ್ದೀರಾ? ಮಗ-ಸೊಸೆ ಬೆಂಗಳೂರಿಗೆ ಗುಳೆ ಹೋಗಿದ್ದರೆ ಒಂದು ಚೆಂಬು ನೀರು ಕೊಡೋರು ಯಾರು?

ಎಲ್ಲಿ ಕೈಕೊಡುತ್ತೆ?

ಸೊಂಟದ ಆಪರೇಷನ್ 48 ಗಂಟೆಯೊಳಗೆ ಆಗೋದು ಒಳ್ಳೆಯದು. ದೇವದುರ್ಗ, ಮಾನ್ವಿಯಿಂದ ರಾಯಚೂರಿನ ರಿಮ್ಸ್ ಹೆಚ್ಚುಕಡಿಮೆ 50 ಕಿಲೋಮೀಟರ್. ನಾಟಿ ಕಟ್ಟು ಕಟ್ಟಿಸೋಣ, ಮಗ ಬರಲಿ, ದುಡ್ಡು ಹೊಂದಿಸೋಣ ಅನ್ನುತ್ತಾ ಕೂತರೆ ಆ 48 ಗಂಟೆ ಮನೆಯಲ್ಲೇ ಕಳೆದುಹೋಗುತ್ತೆ. ಬಿಪಿಎಲ್ ಕುಟುಂಬಕ್ಕೆ 'ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ'ದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆ ಚಿಕಿತ್ಸೆ ಇದೆ, ದುಡ್ಡಿಗಾಗಿ ಕಾಯಬೇಡಿ.

ಕಷ್ಟ ಶುರುವಾಗೋದು ಡಿಸ್ಚಾರ್ಜ್ ಆದ ದಿನ. ತಿಂಗಳುಗಟ್ಟಲೆ ಫಿಸಿಯೋಥೆರಪಿ, ವಾಕರ್, ಕಮೋಡ್ ಕುರ್ಚಿ, ಆರೈಕೆ ಎಲ್ಲ ಬಹುತೇಕ ಮನೆಯವರ ತಲೆ ಮೇಲೆ. ಸಂಧ್ಯಾ ಸುರಕ್ಷಾದ 1,200 ರೂಪಾಯಿ ಎಷ್ಟು ದಿನಕ್ಕೆ? 'ಶಕ್ತಿ'ಯಿಂದ ಅಜ್ಜಿಗೆ ಟಿಕೆಟ್ ಉಚಿತ, ಆದರೆ ಬಸ್ಸಿನ ಮೆಟ್ಟಿಲು ಹತ್ತೋದು ಹೇಗೆ?

ಇನ್ನೊಂದು ಲೋಪ ಔಷಧದ್ದು. ಮುರಿದದ್ದನ್ನು ಜೋಡಿಸಿ, ಟೊಳ್ಳನ್ನು ಹಾಗೇ ಬಿಟ್ಟು ಕಳಿಸೋದು ಸಾಮಾನ್ಯ. ಸೊಂಟದ ಆಪರೇಷನ್ ಆದ 90 ದಿನದೊಳಗೆ ಶುರುಮಾಡಿ, ವರ್ಷಕ್ಕೊಮ್ಮೆ ಜೊಲೆಡ್ರೋನಿಕ್ ಆಸಿಡ್ ಡ್ರಿಪ್ ಕೊಟ್ಟಾಗ ಹೊಸ ಮುರಿತ ಶೇ. 35, ಸಾವು ಶೇ. 28 ಕಡಿಮೆಯಾಯಿತು ಅಂತ 2007ರಲ್ಲೇ ದೊಡ್ಡ ಪ್ರಯೋಗವೊಂದು ತೋರಿಸಿದೆ. ಮೂತ್ರಪಿಂಡ, ಕ್ಯಾಲ್ಸಿಯಂ, ವಿಟಮಿನ್ ಡಿ ಪರೀಕ್ಷಿಸಿ ವೈದ್ಯರು ನಿರ್ಧರಿಸಬೇಕಾದ ಔಷಧ ಇದು. ಡಿಸ್ಚಾರ್ಜ್ ಚೀಟಿ ಕೈಗೆ ಬಂದಾಗ "ಎಲುಬಿನ ಔಷಧ ಯಾವುದು?" ಅಂತ ಕೇಳಿ.

ನಾವು ಕೇಳಬೇಕಾದ್ದೇನು?

ದೇವದುರ್ಗ ಅತಿ ಹಿಂದುಳಿದ ತಾಲೂಕು ಅಂತ ನಂಜುಂಡಪ್ಪ ಸಮಿತಿ 2002ರಲ್ಲೇ ಬರೆಯಿತು. ಆಮೇಲೆ 371(ಜೆ) ಬಂತು, ಕಲ್ಯಾಣ ಕರ್ನಾಟಕ ಮಂಡಳಿಗೆ ಅನುದಾನವೂ ಬರುತ್ತಿದೆ. ಏಮ್ಸ್ ಬರಲಿ. ಅದಕ್ಕೆ ಕಾಯದೆ ಆಗುವ ಕೆಲಸಗಳೂ ಇವೆ: ಸೊಂಟ ಮುರಿದವರ ತಾಲೂಕುವಾರು ಪಟ್ಟಿ, ತಾಲೂಕು ಆಸ್ಪತ್ರೆಯಿಂದ ಹಳ್ಳಿಗೆ ಹೋಗುವ ಫಿಸಿಯೋಥೆರಪಿಸ್ಟ್, ಎರವಲು ಸಿಗುವ ವಾಕರ್, ಫ್ಲೋರೈಡ್ ಇಲ್ಲದ ನೀರು. ಮುಂದಿನ ಸಲ ಓಟು ಕೇಳೋಕೆ ಬಂದವರ ಮುಂದೆ ಈ ಪಟ್ಟಿ ಇಡಿ. ಸೊಂಟ ಮುರಿದ ಅಜ್ಜಿ ಸಭೆಗೆ ಬಂದು ಕೇಳೋಕಾಗಲ್ಲ.