ವಿಜಾಪುರದ ಮೇಲೆ ಹಾದ ನೆರಳು

ವಿಜಾಪುರವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವವು ಗೋಳಗುಮ್ಮಟ, ಇಬ್ರಾಹಿಂ ರೋಜಾ, ಮಲಿಕ್-ಎ-ಮೈದಾನ್ ತೋಪು. ಆದಿಲಶಾಹಿಗಳು ಅಳಿದು ಎಷ್ಟೋ ಕಾಲವಾದ ಮೇಲೆ, ಸೂರ್ಯನ ಒಡಲಿನ ಗುಟ್ಟೊಂದನ್ನು ಬಿಡಿಸುವ ಕಾರ್ಯದಲ್ಲಿ ಈ ಊರಿಗೂ ಪಾಲು ದೊರೆಯಿತೆಂಬುದನ್ನು ಬಲ್ಲವರು ವಿರಳ.

ಕ್ರಿ.ಶ. 1868ರ ಆಗಸ್ಟ್ 18, ಶ್ರಾವಣದ ಅಮಾವಾಸ್ಯೆ. ಅಂದು ಬೆಳಗಿನಲ್ಲಿ ಚಂದ್ರನ ನೆರಳು ಅರಬ್ಬೀ ಸಮುದ್ರವನ್ನು ದಾಟಿ, ಜಮಖಂಡಿ, ವಿಜಾಪುರಗಳ ಮೇಲೆ ಹಾದು, ಗುಂಟೂರು ಮಚಲೀಪಟ್ಟಣಗಳ ಕಡೆಗೆ ಓಡಿತು. ವಿಜಾಪುರದ ನೆರೆಯ ಅರಕೇರಿಯ ಹೊಲಗಳೂ ಆ ನೆರಳಿನೊಳಗೇ ಇದ್ದವು.

ಚಂದ್ರನಿಗಿಂತ ಸೂರ್ಯನ ಅಗಲ ಸುಮಾರು 400 ಪಟ್ಟು. ಅವನಿರುವ ದೂರವೂ ಸುಮಾರು ಅಷ್ಟೇ ಪಟ್ಟು. ಆದುದರಿಂದಲೇ ಆ ಸಣ್ಣ ಗೋಲವು ಈ ಮಹಾಗೋಲವನ್ನು ಸರಿಯಾಗಿ ಮುಚ್ಚಬಲ್ಲುದು. ಮುಚ್ಚಿದಾಗ ಚಂದ್ರನ ಕಪ್ಪು ಅಂಚಿನಾಚೆ ಕೆಂಪು ಜ್ವಾಲೆಗಳು ಕಾಣುತ್ತವೆ. ಅವು ಸೂರ್ಯನವೇ ಎಂಬುದು 1860ರ ಗ್ರಹಣದಲ್ಲಿ ತೆಗೆದ ಛಾಯಾಚಿತ್ರಗಳಿಂದ ತಿಳಿದಿತ್ತು. ಆದರೆ ಅವು ಯಾವ ದ್ರವ್ಯದವು?

ಇದಕ್ಕೆ ಉತ್ತರ ಕೊಡಬಲ್ಲ ಉಪಕರಣ ಆಗ ತಾನೇ ಕೈಗೆ ಬಂದಿತ್ತು. ಬೆಳಕು ಗಾಜಿನ ಪಟ್ಟಕವನ್ನು ಹೊಕ್ಕಾಗ ಕೆಂಪು ಕಡಿಮೆ ಬಾಗುತ್ತದೆ, ನೇರಳೆ ಹೆಚ್ಚು ಬಾಗುತ್ತದೆ. ಬಣ್ಣಗಳು ಬೇರೆಬೇರೆಯಾಗಿ ಹರಡಿಕೊಳ್ಳುತ್ತವೆ. ಕಾದ ಘನವಸ್ತುವಿನ ಬೆಳಕಾದರೆ ಕಾಮನಬಿಲ್ಲಿನಂತೆ ಎಡೆಬಿಡದ ಪಟ್ಟಿ. ತೆಳುವಾದ ಉರಿವ ಅನಿಲದ ಬೆಳಕಾದರೆ ಬಿಡಿಬಿಡಿಯಾದ ಗೆರೆಗಳು. ಒಂದೊಂದು ಮೂಲವಸ್ತುವಿಗೂ ತನ್ನದೇ ಗೆರೆಗಳುಂಟೆಂದು ಬುನ್ಸೆನ್ ಮತ್ತು ಕಿರ್ಖಾಫ್ ಎಂಬ ಜರ್ಮನ್ ವಿಜ್ಞಾನಿಗಳು 1860ರ ಸುಮಾರಿಗೆ ತೋರಿಸಿಕೊಟ್ಟಿದ್ದರು.

ಈ ರೋಹಿತದರ್ಶಕವನ್ನು ಹಿಡಿದು ವಿಜಾಪುರದಲ್ಲಿ ಕಾದು ನಿಂತವನು ಕ್ಯಾಪ್ಟನ್ ಹೇಗ್. ಕೃಷ್ಣೆಯಾಚೆ ಜಮಖಂಡಿಯಲ್ಲಿ ನಿಂತವನು ಲೆಫ್ಟಿನೆಂಟ್ ಜಾನ್ ಹರ್ಶೆಲ್. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಶೆಲನ ಮೊಮ್ಮಗ. ಮಳೆಗಾಲದ ಮೋಡ ಜಮಖಂಡಿಯಲ್ಲಿ ಬಹಳವಾಗಿ ಕಾಡಿತು. ಆದರೂ ಬಿಡುವು ಸಿಕ್ಕ ಗಳಿಗೆಯಲ್ಲಿ ಹರ್ಶೆಲ್ ಮೂರು ಗೆರೆಗಳನ್ನು ಕಂಡ: ಕೆಂಪು, ಕಿತ್ತಳೆ, ನೀಲಿ. ಹೇಗನಿಗೆ ಕಂಡವು ಎರಡು ಪಟ್ಟಿಗಳು: ಒಂದು ಗುಲಾಬಿಗೆಂಪು, ಇನ್ನೊಂದು ತಿಳಿಹೊನ್ನು. ಎಡೆಬಿಡದ ಪಟ್ಟಿಯ ಬದಲು ಬಿಡಿ ಗೆರೆಗಳು ಕಂಡ ಕಾರಣ, ಆ ಜ್ವಾಲೆಗಳು ಉರಿವ ಅನಿಲವೆಂಬುದು ನಿಶ್ಚಯವಾಯಿತು. ಕೆಂಪು ಗೆರೆ ಜಲಜನಕದ್ದು.

ಆ ಹೊನ್ನಿನ ಗೆರೆ ಮಾತ್ರ ಎಲ್ಲರನ್ನೂ ಏಮಾರಿಸಿತು. ಉಪ್ಪನ್ನು ಬೆಂಕಿಗೆ ಎಸೆದರೆ ಸೋಡಿಯಂ ಇಂಥದೇ ಹಳದಿ ಬೆಳಕು ಕೊಡುತ್ತದೆ. ಇದೂ ಅದೇ ಇರಬೇಕೆಂದು ಅಂದು ನೋಡಿದವರಲ್ಲಿ ಹಲವರು ಭಾವಿಸಿದರು. ಗುಂಟೂರಿನಲ್ಲಿದ್ದ ಫ್ರೆಂಚ್ ವಿಜ್ಞಾನಿ ಜಾನ್ಸೆನ್, ಗೆರೆಗಳ ಪ್ರಖರತೆಯನ್ನು ಕಂಡು, ಗ್ರಹಣವಿಲ್ಲದ ಮರುದಿನವೂ ಅವನ್ನು ನೋಡಿ ತೋರಿಸಿದ. ಭಾರತಕ್ಕೆ ಬಾರದ ಲಾಕಿಯರ್ ಅಕ್ಟೋಬರ್ 20ರಂದು ಇಂಗ್ಲೆಂಡಿನಲ್ಲಿ ಅದನ್ನೇ ಸ್ವತಂತ್ರವಾಗಿ ಸಾಧಿಸಿದ. ನಿಧಾನವಾಗಿ ಅಳೆದಾಗ ಸಂಗತಿ ಬಯಲಾಯಿತು. ಇಂದಿನ ಲೆಕ್ಕದಲ್ಲಿ ಹೇಳುವುದಾದರೆ, ಸೋಡಿಯಂ ಗೆರೆಗಳ ತರಂಗದೂರ 589.0 ಮತ್ತು 589.6 ನ್ಯಾನೋಮೀಟರ್, ಈ ಗೆರೆಯದು 587.6. ಕಣ್ಣಿಗೆ ಎರಡೂ ಹಳದಿಯೇ. ಆದರೆ ಆ ಕೂದಲೆಳೆಯ ಅಂತರದಲ್ಲಿ ಹೊಸ ಮೂಲವಸ್ತುವೊಂದು ಅಡಗಿತ್ತು. ಸೂರ್ಯನಿಗೆ ಗ್ರೀಕರಿಟ್ಟ ಹೆಸರಿನಿಂದ ಅದು ಹೀಲಿಯಂ ಆಯಿತು. 1895ರಲ್ಲಿ ರ‍್ಯಾಮ್ಸೆ ಅದನ್ನು ಖನಿಜವೊಂದರಿಂದ ಹೊರತೆಗೆಯುವವರೆಗೂ ಸಂದೇಹಪಡುವವರು ಇದ್ದೇ ಇದ್ದರು.

ಹೇಗ್ ಕಂಡ ತಿಳಿಹೊನ್ನು ಇದೇ ಬೆಳಕಾಗಿರಬೇಕು. ಅವನು ಬಣ್ಣವನ್ನು ಹೆಸರಿಸಿದ. ಆದರೆ ವಸ್ತುವಿನ ವಿಳಾಸವಿರುವುದು ಬಣ್ಣದ ಹೆಸರಿನಲ್ಲಲ್ಲ, ಗೆರೆಯ ನೆಲೆಯಲ್ಲಿ. ಶಾಸ್ತ್ರದ ಇತಿಹಾಸದಲ್ಲಿ ಕಂಡವರೆಲ್ಲ ಕಂಡುಹಿಡಿದವರಾಗುವುದಿಲ್ಲ. ಹಾಗೆ ನೋಡಿದರೆ ಅದೇ ಹೊನ್ನಿನ ಬೆಳಕು ಅಂದು ಅರಕೇರಿಯ ಹೊಲಗಳ ಮೇಲೂ ಬಿದ್ದಿತ್ತು. ಅಲ್ಲಿ ಕೊರತೆಯಾದುದು ಬೆಳಕಲ್ಲ, ಒಂದು ಸೀಳುಗಂಡಿ ಮತ್ತು ಒಂದು ಗಾಜಿನ ತುಂಡು.