ಶ್ರೀರಂಗಪಟ್ಟಣದ ನಕ್ಷತ್ರಗಳಿಂದ ಡುಲುತ್‌ನ ಕೈಗಡಿಯಾರದವರೆಗೆ

ಕಳೆದ ಬೇಸಿಗೆಯಲ್ಲಿ ಊರಿನಿಂದ ಬಂದಿದ್ದ ನಮ್ಮ ಬಳಗದ ಹಿರಿಯರೊಬ್ಬರು ಡುಲುತ್‌ನಲ್ಲಿ ಸಂಜೆಯ ವಾಯುವಿಹಾರಕ್ಕೆ ಹೊರಟು ದಾರಿ ತಪ್ಪಿದರು. ಮರೆವಿನ ಕಾಯಿಲೆ ಆಗಷ್ಟೇ ತಲೆದೋರಿತ್ತು. ಇಲ್ಲಿಯ ಮನೆಗಳೋ ಒಂದೇ ಅಚ್ಚಿನಲ್ಲಿ ತೆಗೆದಂಥವು; ಬೀದಿಗಳೋ, ಅಟ್ಲಾಂಟದವರಿಗೆ ಹೇಳಬೇಕಾದ್ದಿಲ್ಲ, ಎತ್ತ ತಿರುಗಿದರೂ ಒಂದು ಪೀಚ್‌ಟ್ರೀ. ಅವರ ಕೈಗಡಿಯಾರದಲ್ಲಿ ಜಿಪಿಎಸ್ ಗ್ರಾಹಕವಿತ್ತು. ಆದರೆ ಮೊದಲ ಕೆಲವು ನಿಮಿಷ ಅದು ತೋರಿಸಿದ್ದು ಮಧ್ಯಾಹ್ನ ಹೋಗಿದ್ದ ಅಂಗಡಿಯನ್ನು. ನಾವು ಅಂಗಡಿಯ ಸುತ್ತ ಹುಡುಕುತ್ತಿದ್ದಾಗ ಅವರು ಒಂದು ಮೈಲಿ ಆಚೆ, ಓಕ್ ಮರಗಳ ಕೆಳಗಿನ ಬೆಂಚಿನಲ್ಲಿ ಕುಳಿತಿದ್ದರು. ಹೀಗೇಕಾಯಿತೆಂದು ತಿಳಿಯಲು ಹೊರಟ ನಮ್ಮನ್ನು ಆ ಪ್ರಶ್ನೆ ಮೈಸೂರು ಸೀಮೆಗೇ ಕರೆದೊಯ್ದಿತು.

1799ರ ಏಪ್ರಿಲ್. ಶ್ರೀರಂಗಪಟ್ಟಣದ ಮುತ್ತಿಗೆಯ ವೇಳೆ ಜನರಲ್ ಬೇರ್ಡ್‌ನ ಪಡೆ ಇರುಳಿನಲ್ಲಿ ಸಾಗುತ್ತಿತ್ತು. ಜೊತೆಗಿದ್ದ ವಿಲಿಯಂ ಲ್ಯಾಂಬ್ಟನ್ ಆಕಾಶವನ್ನು ನೋಡಿ, ತಾವು ಉತ್ತರಕ್ಕಲ್ಲ, ದಕ್ಷಿಣಕ್ಕೆ, ಟಿಪ್ಪುವಿನ ಸೇನೆಯತ್ತಲೇ ನಡೆಯುತ್ತಿದ್ದೇವೆಂದು ಎಚ್ಚರಿಸಿದ. ದಂಡನಾಯಕ ಮೊದಲು ಒಪ್ಪಲಿಲ್ಲ. ದಿಕ್ಸೂಚಿಯನ್ನು ನೋಡಿದ ಮೇಲೆ ಒಪ್ಪಿದ. ಮರುವರ್ಷವೇ ಲ್ಯಾಂಬ್ಟನ್ ಬೆಂಗಳೂರಿನ ಬಳಿ ನೂರಡಿಯ ಉಕ್ಕಿನ ಸರಪಳಿ ಹಾಸಿ ಆಧಾರರೇಖೆಯೊಂದನ್ನು ಅಳೆದ. ಚೀನಾ ಚಕ್ರವರ್ತಿಗೆಂದು ಒಯ್ದು, ಅಲ್ಲಿ ಬೇಡವೆನಿಸಿಕೊಂಡು ಮರಳಿದ್ದ ಸರಪಳಿ ಅದು! ಒಂದು ಭುಜದ ಉದ್ದ ಕೈಗೆ ಸಿಕ್ಕರೆ ಉಳಿದದ್ದನ್ನು ಕೋನಗಳಿಂದಲೇ ಪಡೆಯಬಹುದು. 1802ರಲ್ಲಿ ಮದರಾಸಿನಲ್ಲಿ ಆರಂಭವಾಗಿ ಮುಂದೆ ಹಿಮಾಲಯ ಮುಟ್ಟಿದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯ ಬೀಜ ಈ ಕೆಲಸದಲ್ಲಿತ್ತು.

ಲ್ಯಾಂಬ್ಟನ್ ಅಳೆದದ್ದು ಕೋನವನ್ನು. ನಮ್ಮ ಗ್ರಾಹಕ ಅಳೆಯುವುದು ಕಾಲವನ್ನು. ನಾಡಿ ಹಿಡಿದು ಗಡಿಯಾರ ನೋಡುವ ವೃತ್ತಿಯವರಾದ ನಮಗೆ ಇದು ಬಹಳ ಹಿಡಿಸಿತು. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಪ್ರತಿ ಜಿಪಿಎಸ್ ಉಪಗ್ರಹವೂ ತನ್ನ ಪರಮಾಣು ಗಡಿಯಾರದ ವೇಳೆಯನ್ನೂ ತಾನಿರುವ ಸ್ಥಾನವನ್ನೂ ಸಾರುತ್ತಲೇ ಇರುತ್ತದೆ. ಆ ಸಂಕೇತ ನೆಲ ತಲುಪಲು ಒಂದು ಸೆಕೆಂಡಿನ ಸುಮಾರು ಹದಿನೈದನೆಯ ಒಂದು ಭಾಗ ಹಿಡಿಯುತ್ತದೆ. ತಡವಾದ ಕಾಲವನ್ನು ಬೆಳಕಿನ ವೇಗದಿಂದ ಗುಣಿಸಿದರೆ ದೂರ ದೊರೆಯಿತು. ಮೂರು ದೂರಗಳಿದ್ದರೆ ಸ್ಥಾನ ತಿಳಿಯಬೇಕು. ಆದರೆ ನಮ್ಮ ಕೈಯಲ್ಲಿರುವುದು ಅಗ್ಗದ ಗಡಿಯಾರ, ಅದು ಒಂದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ತಪ್ಪಿದರೂ ದೂರ 300 ಮೀಟರ್ ತಪ್ಪುತ್ತದೆ. ಆದ್ದರಿಂದ ನಾಲ್ಕನೆಯ ಉಪಗ್ರಹ ಬೇಕು: ಅದರ ನೆರವಿನಿಂದ ಗ್ರಾಹಕವು ಸ್ಥಾನದೊಡನೆ ತನ್ನ ಗಡಿಯಾರದ ತಪ್ಪನ್ನೂ ಕಂಡುಕೊಳ್ಳುತ್ತದೆ.

ಇನ್ನು ಅಂದಿನ ಸಂಜೆಯ ವಿಷಯ. ಉಪಗ್ರಹವು ತನ್ನ ಕಕ್ಷೆಯ ವಿವರವನ್ನು ಸೆಕೆಂಡಿಗೆ ಕೇವಲ 50 ಬಿಟ್‌ಗಳ ವೇಗದಲ್ಲಿ ಕಳುಹಿಸುತ್ತದೆ; ಅದನ್ನು 30 ಸೆಕೆಂಡಿಗೊಮ್ಮೆ ಮತ್ತೆ ಹೇಳುತ್ತದೆ. ಮೊಬೈಲ್ ಫೋನು ಇದನ್ನು ಜಾಲದಿಂದ ಕ್ಷಣದಲ್ಲಿ ತರಿಸಿಕೊಳ್ಳುತ್ತದೆ. ಆ ಸೌಲಭ್ಯವಿಲ್ಲದ ಗ್ರಾಹಕ ಆಕಾಶದಿಂದಲೇ ಕೇಳಿಸಿಕೊಳ್ಳಬೇಕು. ಒದ್ದೆ ಎಲೆಗಳ ದಟ್ಟ ನೆರಳಿನಲ್ಲಿ ಮಾತು ನಡುವೆ ಕಡಿದರೆ ತಪ್ಪಿದ ಭಾಗ ಮತ್ತೆ ಬರುವವರೆಗೆ ಕಾಯಬೇಕು. ಅಷ್ಟರವರೆಗೆ ಹಳೆಯ ಸ್ಥಾನವನ್ನೇ ಅದು ನಿಜವೆಂಬಂತೆ ತೋರಿಸುತ್ತಿತ್ತು. ಇದು ಹಳೆಯದೆಂದು ಒಂದು ಮಾತು ಬರೆದಿದ್ದರೆ ನಮ್ಮ ಇಪ್ಪತ್ತು ನಿಮಿಷ ಉಳಿಯುತ್ತಿತ್ತು.

ಜಿಪಿಎಸ್ ಅಮೆರಿಕದ ಸೇನೆಯ ಸೃಷ್ಟಿ. ನಾಗರಿಕರಿಗೆ ಬೇಕೆಂದೇ ಕೆಡಿಸಿದ ಸಂಕೇತವನ್ನು ನೀಡುವ ಪದ್ಧತಿ 2000ದ ಮೇ ತಿಂಗಳಲ್ಲಿ ನಿಂತಿತು. ಪರರ ಗಡಿಯಾರವನ್ನು ಎಷ್ಟು ಕಾಲ ನಂಬುವುದು? ಭಾರತ ತನ್ನದೇ ‘ನಾವಿಕ್’ ವ್ಯವಸ್ಥೆಯನ್ನು ಕಟ್ಟಿತು. ಅದರ ಕಾಲಮಾನವನ್ನು ಕಾಯುವ ಕೇಂದ್ರ 2013ರ ಮೇ 28ರಂದು ಬೆಂಗಳೂರಿನ ಹೊರಗಿನ ಬ್ಯಾಲಾಳುವಿನಲ್ಲಿ ಆರಂಭವಾಯಿತು. ಮೊದಲ ಉಪಗ್ರಹ ಅದೇ ಜುಲೈ 1ರಂದು ಹಾರಿತು. ಮುಂದೆ ಆ ಉಪಗ್ರಹದಲ್ಲಿದ್ದ, ವಿದೇಶದಿಂದ ತರಿಸಿದ ಮೂರು ಪರಮಾಣು ಗಡಿಯಾರಗಳೂ ಕೆಟ್ಟವು. ಗಡಿಯಾರ ನಿಂತ ಉಪಗ್ರಹ ಸ್ಥಾನ ನಿರ್ಣಯಕ್ಕೆ ಒದಗದು. ಅದರ ಬದಲಿಗೆ 2017ರಲ್ಲಿ ಕಳುಹಿಸಿದ್ದು ಶಾಖಕವಚ ಕಳಚದೆ ವ್ಯರ್ಥವಾಯಿತು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ಸ್ವದೇಶಿ ರುಬಿಡಿಯಂ ಗಡಿಯಾರವಿತ್ತು.

ನಾವಿಕ್‌ನ ವ್ಯಾಪ್ತಿ ಭಾರತ ಮತ್ತು ಅದರ ಸುತ್ತಲಿನ ಸುಮಾರು 1,500 ಕಿಲೋಮೀಟರ್. ಡುಲುತ್‌ನಲ್ಲಿ ಬ್ಯಾಲಾಳುವಿನ ಗಡಿಯಾರ ನಮ್ಮ ಕೆಲಸಕ್ಕೆ ಬಾರದು.

ಊರಿನಿಂದ ಹಿರಿಯರನ್ನು ಕರೆಸಿಕೊಳ್ಳುವ ಸದಸ್ಯರಲ್ಲಿ ನಮ್ಮದೊಂದು ವಿನಂತಿ: ಅಂತಹ ಕೈಗಡಿಯಾರ ಕಟ್ಟಿಕೊಂಡವರು ಹೊರಡುವ ಮುನ್ನ ತೆರೆದ ಬಯಲಿನಲ್ಲಿ ಎರಡು ನಿಮಿಷ ನಿಲ್ಲಲಿ, ಸ್ಥಾನದೊಡನೆ ಅದು ಯಾವ ವೇಳೆಯದೆಂಬುದನ್ನೂ ನೋಡಿರಿ. ನಮ್ಮ ಹಿರಿಯರು ಈಗ ಹಾಗೆಯೇ ನಿಲ್ಲುತ್ತಾರೆ. ಅವರ ಅಂಗಿಯ ಜೇಬಿನಲ್ಲಿ ಮನೆಯ ವಿಳಾಸ ಬರೆದ ಚೀಟಿಯೂ ಇದೆ, ಒಂದು ಮಗ್ಗುಲಿಗೆ ಇಂಗ್ಲಿಷಿನಲ್ಲಿ, ಇನ್ನೊಂದು ಮಗ್ಗುಲಿಗೆ ಕನ್ನಡದಲ್ಲಿ.